ವಾಪಸ್ ದಾರಿ ಕತ್ತರಿಸಿದವಳು

"ಎರಡು ಗಂಟೆ ಆಯ್ತು, ನಾನಿನ್ನೂ ಸಮುದ್ರನೇ ದಾಟಿಲ್ಲ ಕಣ್ರೀ!"

ಬ್ರಯನಿ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲೆ ಕುಕ್ಕಿದಳು. ಲಿಂಕನ್ ಊರಿನ ಸಭಾಂಗಣದಲ್ಲಿ ಆ ಶನಿವಾರ ಬೋರ್ಡ್ ಆಟಗಳ ಮೇಳ. ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ಎದುರಿಗೆ ನಿಂತಿದ್ದ ಎತ್ತರದ ಗಂಡಸು ಮಾತ್ರ ಕದಲಲಿಲ್ಲ.

"ಅವರಿಗೂ ಅಷ್ಟೇ ಹೊತ್ತು ಹಿಡೀತಿತ್ತು," ಎಂದ.

"ಯಾರಿಗೆ?"

"ಯುದ್ಧದಲ್ಲಿ ಈ ಬಾಂಬರ್ ವಿಮಾನ ಹಾರಿಸಿದ ಹುಡುಗರಿಗೆ."

"ಅವರಿಗೆ ಸಂಬಳ ಕೊಡ್ತಿದ್ರು ಸ್ವಾಮೀ! ನನಗ್ಯಾರು ಕೊಡ್ತಾರೆ?"

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ಆದರೂ ಬಗ್ಗಿ, ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದಿದ್ದ ದಾಳವನ್ನು ಎತ್ತಿ, ಒರೆಸಿ, ಅವಳ ಅಂಗೈಯಲ್ಲಿಟ್ಟ.

"ಇನ್ನೊಂದೇ ಒಂದು ಸಲ ಎಸೀರಿ. ಆ ಕಡೆಯ ದಡ ಕಾಣುತ್ತೆ."

ಏನು ಕಣ್ಣುಗಳವು! ಬೇಡಿಕೊಳ್ಳುತ್ತಿದ್ದವೋ, ಸವಾಲು ಹಾಕುತ್ತಿದ್ದವೋ... ಬ್ರಯನಿಗೆ ತಿಳಿಯಲಿಲ್ಲ. ಎಸೆದಳು. ದಡ ಕಂಡಿತು. ಮರುಕ್ಷಣವೇ ಕತ್ತಲಲ್ಲಿ ಒಂದು ಯುದ್ಧವಿಮಾನ ಎರಗಿ ಅವಳ ಎಡಗಡೆಯ ಎಂಜಿನ್‌ಗೆ ಬೆಂಕಿ ಹತ್ತಿತು. ತಾನು ಉಸಿರು ಬಿಗಿಹಿಡಿದು ಕೂತಿದ್ದೇನೆಂದು ಅವಳಿಗೆ ಗೊತ್ತಾದದ್ದು ಆಗಲೇ.

*ಅಯ್ಯೋ ದೇವರೇ... ಇದು ಒಳ್ಳೆಯ ಆಟ!*

ಅವನ ಹೆಸರು ಹೆಡ್ಲಿ. ವೃತ್ತಿಯಲ್ಲಿ ದನದ ಡಾಕ್ಟರ್. ಒಬ್ಬರೇ ಕೂತು ಆಡುವ ಆಟ ಅವನದು: ಒಂದು ಬಾಂಬರ್, ಅದರೊಳಗೆ ಏಳು ಜನ, ಒಂದು ರಾತ್ರಿಯ ದಾಳಿ. ಯಾರು ಬದುಕುತ್ತಾರೆ, ಯಾರು ಇಲ್ಲ ಅನ್ನುವುದು ದಾಳ ಮತ್ತು ಕಾರ್ಡುಗಳ ಕೈಯಲ್ಲಿ. ಏಳು ಜನಕ್ಕೂ ಆಡುವವರೇ ಹೆಸರಿಡಬೇಕು.

ಬ್ರಯನಿ ಅದೇ ಊರಿನ ಒಂದು ಪುಟ್ಟ ಆಟದ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಬೇರೆಯವರು ಬರೆದ ಆಟಗಳ ಕೊಬ್ಬು ಕರಗಿಸುವುದೇ ಅವಳ ಕೆಲಸ. ಅವಳ ಯಜಮಾನ ಡೆಸ್ಮಂಡ್ ಅವಳನ್ನು ಕರೆಯುತ್ತಿದ್ದುದೇ 'ಕತ್ತರಿ' ಅಂತ.

"ಆಟ ತಗೋತೀನಿ," ಎಂದ ಡೆಸ್ಮಂಡ್. "ಆದ್ರೆ ಐದು ಗಂಟೆ ಯಾರಮ್ಮಾ ಆಡ್ತಾರೆ? ಒಂದೂವರೆ ಗಂಟೆಗೆ ಇಳಿಸು. ಆ ಮನುಷ್ಯನ್ನ ಅಳಿಸ್ಬೇಡ."

* * *

ಪ್ರತಿ ಶನಿವಾರ ಮಧ್ಯಾಹ್ನ ಬ್ರಯನಿ ಹೆಡ್ಲಿಯ ಮನೆಗೆ ಹೋಗತೊಡಗಿದಳು.

ಊಟದ ಮೇಜನ್ನು ಬಾಂಬರ್ ಆಕ್ರಮಿಸಿಕೊಂಡಿತ್ತು. ಪಾಪ, ಆ ಮನುಷ್ಯ ತಿಂಗಳುಗಟ್ಟಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದ!

"ಆಮ್ಲಜನಕದ ಕೊಳವೆಗೆ ಪ್ರತಿ ಸಲ ದಾಳ ಎಸೀಬೇಕಾ?" ಅವಳು ಕೇಳುವಳು.

"ಅದು ಹೆಪ್ಪುಗಟ್ಟಿದ್ರೆ ಮನುಷ್ಯ ಸದ್ದಿಲ್ದೆ ಸತ್ತೋಗ್ತಿದ್ದ."

"ಆಡೋನೂ ಸದ್ದಿಲ್ದೆ ನಿದ್ದೆ ಹೋಗ್ತಾನೆ!"

ಅವನು ನಗುವನು. ಆ ನಗುವಿಗೋಸ್ಕರ ಅವಳು ದಾರಿಯುದ್ದಕ್ಕೂ ಕಾರಿನಲ್ಲಿ ಹೊಸ ಹೊಸ ಮೂದಲಿಕೆ ಹೊಸೆದುಕೊಂಡು ಬರುತ್ತಿದ್ದಳು. ಆದರೆ ಇದನ್ನು ಸತ್ತರೂ ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ಎಲ್ಲ ಸರಿಯಾಗಿತ್ತು... ಹೆಡ್ಲಿಯ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಆ ಒಂದು ಹೆಸರು ಬಿಟ್ಟು.

"ರೊವೀನಾಗೆ ಈ ಭಾಗ ಉದ್ದ ಅನ್ನಿಸ್ಲಿಲ್ಲ."

"ರೊವೀನಾ ಹೇಳಿದ್ಲು, ಇಂಧನದ ಲೆಕ್ಕ ಇರ್ಲೇಬೇಕು ಅಂತ."

"ಗುರಿಯಿಂದ ವಾಪಸ್ ಬರೋ ದಾರಿ ಇದ್ಯಲ್ಲ, ಅದು ಪೂರ್ತಿ ರೊವೀನಾದೇ. ಅವಳೇ ಬರೆದಿದ್ದು. ಎಷ್ಟು ಚೆನ್ನಾಗಿದೆ ಅಲ್ವಾ?"

ಚೆನ್ನಾಗಿತ್ತು. ಅದೇ ಬ್ರಯನಿಯ ಸಂಕಟ!

ಮೂರನೆಯ ಶನಿವಾರ ರೊವೀನಾಳೇ ಬಂದಳು. ಹಳೆಯ ವಾಯುನೆಲೆಯ ಮ್ಯೂಸಿಯಮ್ಮಿನಲ್ಲಿ ಜನರಿಗೆ ವಿಮಾನ ತೋರಿಸುವ ಕೆಲಸ ಅವಳದು. ತುಂಬು ನಗು, ಗಾಳಿಗೆ ಕೆದರಿದ ಕೂದಲು, ಕೈಯಲ್ಲಿ ಒಣದ್ರಾಕ್ಷಿಯ ಪ್ಲಮ್ ಬ್ರೆಡ್. ಬಂದವಳೇ ಅಡುಗೆಮನೆಗೆ ನುಗ್ಗಿ, ಕೇಳದೆಯೇ ಸರಿಯಾದ ಡ್ರಾಯರ್ ಎಳೆದು ಚಾಕು ತೆಗೆದಳು.

*ಕೇಳದೆಯೇ!*

"ಹೋದ ವಾರ ನಾನು ಸತ್ತೆ ಗೊತ್ತಾ?" ಬ್ರೆಡ್ಡಿಗೆ ಬೆಣ್ಣೆ ಸವರುತ್ತ ರೊವೀನಾ ಹೇಳಿದಳು. "ಇವನು ನನ್ನನ್ನ ವಿಮಾನದ ಬಾಲದ ತುದೀಲಿ ಗುಂಡು ಹಾರಿಸೋ ಗನ್ನರ್ ಮಾಡಿ ಕೂರಿಸಿದ್ದ. ಪಾಪ, ಎರಡು ದಿನ ಮುಖ ಸಪ್ಪೆ ಮಾಡ್ಕೊಂಡಿದ್ದ. ಅಲ್ವೇನೋ ಹೆಡ್ಲಿ?"

"ಒಳ್ಳೆ ಗನ್ನರ್ ಆಗಿದ್ದೆ ನೀನು," ಎಂದ ಹೆಡ್ಲಿ.

ಬ್ರಯನಿ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿದಳು.

*ಅವಳು ಇವನ ವಿಮಾನದಲ್ಲಿ ಸತ್ತೂ ಆಯಿತು. ನನಗೆ ಅದರಲ್ಲಿ ಹತ್ತುವ ಭಾಗ್ಯವೂ ಇಲ್ಲ!*

ತಮಾಷೆಯೆನ್ನುವಂತೆ ಕೇಳಿಯೂ ಬಿಟ್ಟಳು. "ನನ್ನ ಹೆಸರು ಯಾವತ್ತಾದ್ರೂ ಹಾಕಿದ್ದೀರಾ?"

ಹೆಡ್ಲಿ ಬಟ್ಟಲು ತೊಳೆಯಲು ತಿರುಗಿದ. "ಇಲ್ಲ," ಎಂದ. ಅಷ್ಟೇ. ಒಂದು ನೆಪವನ್ನೂ ಹೇಳಲಿಲ್ಲ.

ಆ ಸಂಜೆ ಮನೆಗೆ ಹೋಗುವಾಗ ಅವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತ್ತು. ಕಾರಿನ ಕಿಟಕಿ ಇಳಿಸಿದರೂ ತಣ್ಣಗಾಗಲಿಲ್ಲ. ಆ ಚಾಕು, ಆ ಡ್ರಾಯರ್, ಆ 'ಅಲ್ವೇನೋ'...

ಮರುದಿನ ಅವಳು ಕೆಲಸಕ್ಕೆ ಕೂತಳು. ಐದು ಗಂಟೆಯ ಆಟ ಒಂದೂವರೆ ಗಂಟೆಗೆ ಇಳಿಯಬೇಕಲ್ಲ? ಎಲ್ಲಿ ಕತ್ತರಿಸಬೇಕೆಂದು ಅವಳ ಕೈ ಮೊದಲೇ ನಿರ್ಧರಿಸಿತ್ತು.

ವಾಪಸ್ ದಾರಿ! ಪೂರ್ತಿ! ಬಾಂಬು ಹಾಕಿದ ಮೇಲೆ ಒಂದೇ ಒಂದು ದಾಳ. ಒಳ್ಳೆಯ ಅಂಕ ಬಿದ್ದರೆ ಮನೆ, ಕೆಟ್ಟದು ಬಿದ್ದರೆ ಸಾವು. ಮುಗಿಯಿತು!

*ಸಮಯ ಉಳಿಸೋಕೆ ಮಾಡಿದ್ದು,* ಎಂದು ತನಗೆ ತಾನೇ ಹೇಳಿಕೊಂಡಳು. ಮತ್ತೆ ಮತ್ತೆ ಹೇಳಿಕೊಳ್ಳಬೇಕಾಯಿತು.

* * *

ಡೆಸ್ಮಂಡ್ ಕುಣಿದಾಡಿದ. ಶನಿವಾರ ಹೆಡ್ಲಿ ತನ್ನ ಮನೆಯ ಮೇಜಿನ ಮೇಲೆ ಹೊಸ ಆಟವನ್ನು ಹರಡಿಕೊಂಡು ಆಡಿದ. ಕೊನೆಯ ದಾಳ ಉರುಳಿತು. ಒಳ್ಳೆಯ ಅಂಕವೇ. ಏಳೂ ಜನ ಬದುಕಿದರು.

ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಇವರು ಮನೆಗೆ ಹೇಗೆ ಬಂದ್ರು?"

"ದಾಳ ನೋಡಿದ್ರಲ್ಲ."

"ಎಂಜಿನ್ ಉರೀತಿದೆ. ರೇಡಿಯೋ ಹುಡುಗನಿಗೆ ಗುಂಡು ತಗುಲಿದೆ. ಕೆಳಗೆ ಸಮುದ್ರ, ಮೇಲೆ ಮಂಜು. ಇವರು ಒಬ್ಬರಿಗೋಸ್ಕರ ಒಬ್ಬರು ಏನು ಮಾಡಿದ್ರು ಅನ್ನೋದೇ ಈ ಆಟ, ಬ್ರಯನಿ. ಅದನ್ನೇ ಕಿತ್ತುಹಾಕಿದ್ರಾ? ನಾನು ರೊವೀನಾಗೆ ಏನು ಹೇಳ್ಲಿ?"

ಆ ಹೆಸರು ಬಿದ್ದದ್ದೇ ತಡ, ಅವಳ ನಾಲಿಗೆ ಲಗಾಮು ಕಳಚಿಕೊಂಡಿತು.

"ರೊವೀನಾ, ರೊವೀನಾ! ಅವಳು ಹೇಳಿದ್ದೇ ವೇದ ಆದ್ರೆ ನನ್ನನ್ಯಾಕೆ ಕರೆಸ್ತೀರಿ? ಅವಳನ್ನೇ ಕೂರಿಸ್ಕೊಂಡು ಜೀವನಪೂರ್ತಿ ಆಡ್ರೀ!"

ಹೆಡ್ಲಿ ಬೆಪ್ಪಾಗಿ ನೋಡಿದ. "ಇದರಲ್ಲಿ ಅವಳು ಎಲ್ಲಿಂದ ಬಂದ್ಲು?"

ಅವಳು ಕೋಟು ಎಳೆದುಕೊಂಡು ಹೊರಟೇಹೋದಳು.

ಸೋಮವಾರ ಡೆಸ್ಮಂಡ್ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಆಟ ವಾಪಸ್ ತಗೋತಾನಂತೆ. ಹೀಗೆ ಅಚ್ಚಾಗೋದಕ್ಕಿಂತ ಆಗದೇ ಇರೋದೇ ಮೇಲು ಅಂದ. ಏನು ಮಾಡ್ದೆ ತಾಯೀ ನೀನು?"

ಬ್ರಯನಿ ಇಷ್ಟು ವರ್ಷದಲ್ಲಿ ಎಷ್ಟೋ ಆಟಗಳನ್ನು ಕತ್ತರಿಸಿದ್ದಳು. ಕೋಪದಿಂದ, ಹಟದಿಂದ ಒಂದನ್ನೂ ಅಲ್ಲ. ಇದೊಂದೇ...

* * *

ಎರಡು ದಿನ ಬಿಟ್ಟು ಅವಳು ಮ್ಯೂಸಿಯಮ್ಮಿಗೆ ಹೋದಳು. ಕಪ್ಪು ಬಣ್ಣದ ಆ ದೊಡ್ಡ ವಿಮಾನದ ರೆಕ್ಕೆಯ ಕೆಳಗೆ ರೊವೀನಾ ಹತ್ತಾರು ಜನರ ಮುಂದೆ ನಿಂತು ಮಾತಾಡುತ್ತಿದ್ದಳು.

"ಎಷ್ಟೋ ವಿಮಾನಗಳು ಶತ್ರುವಿನ ನೆಲದಲ್ಲಿ ಬೀಳ್ಲಿಲ್ಲ. ಇಲ್ಲೇ, ನಮ್ಮ ಹೊಲಗಳಲ್ಲೇ ಬಿದ್ವು. ಮಂಜಲ್ಲಿ ರನ್‌ವೇ ಹುಡುಕ್ತಾ ಹುಡುಕ್ತಾ... ಕೆಳಗೆ ನಿಂತವರಿಗೆ ಎಂಜಿನ್ ಸದ್ದು ಕೇಳ್ತಿತ್ತು. ವಿಮಾನ ಕಾಣ್ತಿರ್ಲಿಲ್ಲ."

ಯಾರೂ ಕೆಮ್ಮಲಿಲ್ಲ ಕೂಡ. ಬ್ರಯನಿ ತಲೆತಗ್ಗಿಸಿದಳು.

ಜನ ಚದುರಿದ ಮೇಲೆ ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತರು.

"ನೀವು ಬರೆದ ಭಾಗ ನಾನು ತೆಗೆದುಹಾಕಿದೆ," ಬ್ರಯನಿ ಒಂದೇ ಉಸಿರಿಗೆ ಹೇಳಿದಳು. "ಅದು ಉದ್ದ ಇತ್ತು ಅಂತಲ್ಲ. ನೀವು ಬರೆದದ್ದು ಅಂತ."

ರೊವೀನಾ ಬಟ್ಟಲು ಕೆಳಗಿಟ್ಟಳು. ಬೈಯುತ್ತಾಳೆಂದು ಬ್ರಯನಿ ಕಾದಳು. ಅವಳು ಬೈಯಲಿಲ್ಲ.

"ನನ್ನ ಕಂಡ್ರೆ ಹೊಟ್ಟೆಕಿಚ್ಚಾ?"

"ಹೂಂ."

"ಇಬ್ಬರದ್ದೂ ಒಂದೇ ಕಥೆ ಆಯ್ತಲ್ಲ!" ರೊವೀನಾ ನಕ್ಕಳು. ಆ ನಗುವಿನ ತುದಿಯಲ್ಲಿ ಸಣ್ಣ ನೋವಿತ್ತು. "ವರ್ಷಗಟ್ಟಲೆ ಅವನ ಹಿಂದೆ ಸುತ್ತಿದ್ದೀನಿ ಕಣೇ. ಚಳಿಗಾಲದಲ್ಲಿ ನಾಚಿಕೆ ಬಿಟ್ಟು ಕೇಳಿಯೂ ಕೇಳ್ದೆ. 'ನೀನು ನನ್ನ ಒಳ್ಳೆ ಗೆಳತಿ' ಅಂದ. ಹಾಳಾಗ್ಲಿ ಅಂತ ಗೆಳತಿಯಾಗೇ ಉಳಿದೆ. ಆಮೇಲೆ ನೀನು ಬಂದೆ. ಬ್ರಯನಿ ಹಾಗಂದ್ಲು, ಬ್ರಯನಿ ಹೀಗೆ ನಕ್ಕಳು... ನನ್ನ ಕಿವಿ ತೂತಾಗಿದೆ!"

ಬ್ರಯನಿ ತಲೆ ಅಲ್ಲಾಡಿಸಿದಳು. "ಸುಳ್ಳು. ನನ್ನ ಹೆಸರನ್ನ ವಿಮಾನದಲ್ಲಿ ಹಾಕೋದೂ ಇಲ್ಲ ಅವರು."

"ನನ್ನ ಹೆಸರು ಹಾಕ್ತಾನೆ. ಡೆಸ್ಮಂಡ್ ಹೆಸರು ಹಾಕ್ತಾನೆ. ಗುಣವಾದ ಹಸುಗಳ ಹೆಸರೂ ಹಾಕಿದ್ದಾನೆ. ಬ್ರಯನಿಯನ್ನ ಕೂರಿಸೋ ಅಂದ್ರೆ ಮುಖ ಕಪ್ಪಾಗುತ್ತೆ. 'ಅವಳ ಮೇಲೆ ದಾಳ ಎಸೆಯೋಕೆ ನನ್ ಕೈಲಾಗಲ್ಲ' ಅಂತಾನೆ."

ಬ್ರಯನಿಯ ಚಹಾದ ಮೇಲೆ ಎರಡು ಹನಿ ಬಿದ್ದವು.

"ಅಳ್ಬೇಡ ಮಾರಾಯ್ತಿ," ಎಂದಳು ರೊವೀನಾ. "ಅಳಬೇಕಾದವಳು ನಾನು. ಮೊದ್ಲು ಹೋಗಿ ನನ್ನ ವಾಪಸ್ ದಾರಿ ಸರಿಮಾಡು. ಸ್ವಲ್ಪ ಉದ್ದ ಆಗಿದೆ ಅಂತ ನನಗೂ ಗೊತ್ತು."

* * *

ಬ್ರಯನಿ ಎಲ್ಲವನ್ನೂ ಮೊದಲಿಂದ ಬಿಚ್ಚಿದಳು.

ಈ ಸಲ ಬೇರೆ ಕಡೆ ಕತ್ತರಿಸಿದಳು. ಹೋಗುವಾಗಿನ ಸಮುದ್ರಕ್ಕೆ ಹತ್ತಾರು ದಾಳದ ಬದಲು ಒಂದೇ ಕಾರ್ಡ್. ಇಂಧನಕ್ಕೆ ಲೆಕ್ಕದ ಬದಲು ಸರಿದು ಹೋಗುವ ಒಂದೇ ಬಿಲ್ಲೆ. ಆಮ್ಲಜನಕ ಗುಂಡು ತಗುಲಿದಾಗ ಮಾತ್ರ. ತಾನೇ ಕಷ್ಟಪಟ್ಟು ಸೇರಿಸಿದ್ದ ಬೆಳದಿಂಗಳ ನಿಯಮವನ್ನೂ ತೆಗೆದಳು. ಅದು ಅವಳ ಮುದ್ದಿನ ಕೂಸು. 

ವಾಪಸ್ ದಾರಿಯಲ್ಲಿ ಸಣ್ಣಪುಟ್ಟ ಎಸೆತಗಳನ್ನಷ್ಟೇ ತೆಗೆದುಹಾಕಿದಳು. ಗಾಯಗೊಂಡವನ ಪಕ್ಕ ಯಾರು ಕೂರಬೇಕು, ಯಾರು ಬೆಂಕಿ ಆರಿಸಬೇಕು, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಬೇಕೋ ಬೇಡವೋ... ಆ ಆಯ್ಕೆಗಳೆಲ್ಲ ಉಳಿದವು.

"ಎರಡು ಗಂಟೆ ಆಗುತ್ತೆ," ಎಂದಳು ಡೆಸ್ಮಂಡ್‌ಗೆ.

"ನಾನು ಒಂದೂವರೆ ಅಂದಿದ್ದೆ!"

"ಉಳಿದ ಅರ್ಧ ಗಂಟೇಲಿ ಯಾರೂ ಗಡಿಯಾರ ನೋಡಲ್ಲ. ಆಡಿ ನೋಡಿ. ಗಡಿಯಾರ ನೋಡಿದ್ರೆ ನನ್ನನ್ನ ಕೆಲಸದಿಂದ ತೆಗೀರಿ."

ಡೆಸ್ಮಂಡ್ ಆಡಿದ. ಮುಗಿಸಿ ಮೂಗು ಸೀಟಿಕೊಂಡ. "ಆಯ್ತು ಹೋಗು," ಎಂದ.

ಶನಿವಾರ ಮಧ್ಯಾಹ್ನ. ಹೆಡ್ಲಿ ಬಾಗಿಲು ತೆರೆದ. ಗಡ್ಡ ಬೆಳೆದಿತ್ತು. ಅವನನ್ನು ನೋಡಿದ್ದೇ ಅವಳು ಕಂಠಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು.

"ಒಂದ್ಸಲ ಆಡಿ. ಆಮೇಲೆ ಬೇಕಾದ್ರೆ ಹೊರಗೆ ಹಾಕಿ."

ಅವನು ಆಡಿದ. ಹಿಂತಿರುಗುವಾಗ ಮಂಜು ಕವಿಯಿತು. ಇಂಧನದ ಬಿಲ್ಲೆ ಕೊನೆಯ ಮನೆಗೆ ಬಂತು. ಹೆಡ್ಲಿ ಕುರ್ಚಿಯ ತುದಿಗೆ ಸರಿದ. ಕೊನೆಯ ಕಾರ್ಡ್ ತೆಗೆದಾಗ ರನ್‌ವೇಯ ದೀಪಗಳು ಕಂಡವು. ಐದು ಜನ ಮನೆಗೆ ಬಂದರು, ಇಬ್ಬರು ಬರಲಿಲ್ಲ. ಅವನು ಆ ಇಬ್ಬರ ಹೆಸರಿನ ಮೇಲೆ ಬೆರಳಾಡಿಸಿದ.

"ನಾನು ಬರೆದದ್ದಕ್ಕಿಂತ ಚೆನ್ನಾಗಿದೆ," ಎಂದ ಕೊನೆಗೆ.

"ಅವತ್ತು ಕತ್ತರಿಸಿದ್ದು ಹೊಟ್ಟೆಕಿಚ್ಚಿಗೆ," ಬ್ರಯನಿ ಪಿಸುಗುಟ್ಟಿದಳು. "ರೊವೀನಾ ಮೇಲೆ. ನಿಮ್ಮ ಮನೆಯ ಡ್ರಾಯರ್ ಮೇಲೆ ಕೂಡ. ನನ್ನ ಕ್ಷಮಿಸಿಬಿಡಿ."

"ನಾನೇನು ಸಾಚಾ ಅಂದ್ಕೊಂಡ್ರಾ?" ಅವನು ಕತ್ತು ಕೆರೆದುಕೊಂಡ. "ಪ್ರತಿ ವಾರ ನೀವು ಕತ್ತರಿಸಿದ್ದಕ್ಕೆಲ್ಲ ಬೇಡ ಅಂದ್ನಲ್ಲ... ಅರ್ಧಕ್ಕರ್ಧ ನೀವು ಹೇಳಿದ್ದೇ ಸರಿ ಅಂತ ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಜಗಳ ಆಡ್ತಿದ್ರಿ?!"

"ಆಟ ಚಿಕ್ಕದಾದಷ್ಟೂ ನೀನು ಬರೋ ಶನಿವಾರ ಕಮ್ಮಿ ಆಗ್ತಿತ್ತು ಕಣೇ."

ಬ್ರಯನಿ ಕಣ್ಣರಳಿಸಿ ನೋಡಿದಳು. ನಗು ಬಂತು, ಅಳುವೂ ಬಂತು, ಯಾವುದು ಮೊದಲೋ ಗೊತ್ತಾಗಲಿಲ್ಲ.

"ದನದ ಡಾಕ್ಟರೇ! ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳ್ತಿದ್ದೀನಲ್ಲ ಈಗ. ನೀನಂದ್ರೆ ನನಗೆ ಪ್ರಾಣ, ಬ್ರಯನಿ."

ಅವಳು ಮೇಜು ಸುತ್ತಿ ಹೋಗಿ ಅವನ ಎದೆಗೆ ಹಣೆ ಒತ್ತಿದಳು. ಅವನ ಕೈ ಅವಳ ಬೆನ್ನ ಮೇಲೆ ಮೆಲ್ಲಗೆ ಬಂದು ಕೂತಿತು.

ಆಗಲೇ ಫೋನ್ ಬಡಿದುಕೊಂಡಿತು. ಕೆರೆಯಾಚೆಯ ತೋಟದಮನೆಯಲ್ಲಿ ಒಂದು ಹಸು ಬೆಳಗಿನಿಂದ ಕರು ಹಾಕಲಾರದೆ ಒದ್ದಾಡುತ್ತಿತ್ತು.

"ಹೋಗ್ಬೇಕು," ಹೆಡ್ಲಿ ಸಂಕಟದಿಂದ ಅವಳ ಮುಖ ನೋಡಿದ. "ಇದೊಳ್ಳೆ ಹೊತ್ತು ನೋಡು..."

"ನಾನೂ ಬರ್ತೀನಿ."

"ಕೆಸರು, ಚಳಿ, ಗೊಬ್ಬರದ ವಾಸನೆ. ಎಷ್ಟು ಹೊತ್ತಾಗುತ್ತೋ ಏನೋ. ಕತ್ತಲಾದ್ರೂ ಆದೀತು."

ಬ್ರಯನಿ ಆಗಲೇ ಅವನ ಹಳೆಯ ಬೂಟಿನೊಳಗೆ ಕಾಲು ತೂರಿಸುತ್ತಿದ್ದಳು. ಎರಡು ಅಳತೆ ದೊಡ್ಡದು.

"ಆಗ್ಲಿ ಬಿಡು," ಎಂದಳು. "ನನಗೇನೂ ಅವಸರ ಇಲ್ಲ."