ಎಲ್ಲರಿಗೂ ಕಂಡ ಪಟ್ಟಿ

ಲೈಬ್ರರಿಯ ವೆಬ್‌ಸೈಟ್ ಸರಿಮಾಡಲು ಬಂದವನು ಬಾಯಿ ಬಿಟ್ಟರೆ ಬರೀ ಸರ್ವರ್ ಪುರಾಣ. ಗ್ರಂಥಪಾಲಕಿ ಮೂರು ವಾರ ಅದನ್ನೇ ಕಿವಿಗೊಟ್ಟು ಕೇಳಿದ್ದಳು, ನಡುವೆ ಬೇರೇನಾದರೂ ಹೇಳಿಯಾನೆಂದು. ಇವತ್ತು ಅವನ ಕೆಲಸದ ಕೊನೆಯ ದಿನ. ನಾಳೆಯಿಂದ ಅವನಿಗಿಲ್ಲಿ ಬರಲು ನೆಪವೇ ಇಲ್ಲವೆಂದು ಬೆಳಗ್ಗೆಯಿಂದ ಅವಳಿಗೆ ಸಂಕಟ.

ಸೈಟ್ ತೆವಳುವುದೇಕೆಂದು ಅವನು ಬಂದ ದಿನವೇ ಬಿಡಿಸಿ ಹೇಳಿದ್ದ. ಹೊಸ ಪುಸ್ತಕಗಳ ಪುಟವನ್ನು ಯಾರು ಕೇಳಿದರೂ ಸರ್ವರ್ ಪ್ರತಿ ಸಲ ಡೇಟಾಬೇಸಿಗೆ ಓಡಿ ಅದೇ ಉತ್ತರ ಹೊತ್ತು ತರುತ್ತಿತ್ತು. ಎಲ್ಲರೂ ಕೇಳುವ ಪುಸ್ತಕವನ್ನು ಅವಳು ಕೌಂಟರಿನಲ್ಲೇ ಇಟ್ಟುಕೊಳ್ಳುವ ಹಾಗೆ, ಎಲ್ಲರಿಗೂ ಬೇಕಾದ ಉತ್ತರವನ್ನು ಒಮ್ಮೆ ತಂದು ಕೈಗೆಟುಕುವಲ್ಲಿ ಇಡುವುದೇ ಕ್ಯಾಶ್. "ನಿಮ್ಮನ್ನ ನೋಡೇ ಹೊಳೆದಿದ್ದು" ಎಂದಿದ್ದ. ಆ ದಿನ ಅವಳು ಎರಡು ಪುಸ್ತಕಕ್ಕೆ ತಪ್ಪು ತಾರೀಖು ಒತ್ತಿದ್ದಳು.

ಹತ್ತೂವರೆಗೆ ಅಕ್ಕನ ಫೋನ್ ಬಂತು.

"ನಿಮ್ಮ ಸೈಟು ಈಗ ಕಣ್ಣು ಮಿಟುಕಿಸೋದ್ರಲ್ಲಿ ಬರುತ್ತೆ ಕಣೇ. ಆದ್ರೆ ನನ್ನ ಓದಿನ ಪಟ್ಟಿ ತೆಗೆದ್ರೆ ಇನ್ಯಾರದ್ದೋ ಕಾಣ್ತಿದೆ. ನೀನೇ ನೋಡು."

ಅಕ್ಕನ ದನಿಯಲ್ಲಿ ನಗು ತುಳುಕುತ್ತಿತ್ತು. ಗ್ರಂಥಪಾಲಕಿ ತನ್ನ ಪಟ್ಟಿ ತೆರೆದರೆ ಅಲ್ಲಿ ಸೈಟ್ ಸರಿಮಾಡುವವನ ಹೆಸರು, ಅವನು ಒಯ್ದ ಪುಸ್ತಕಗಳು, ಒಂದೊಂದಕ್ಕೂ ಟಿಪ್ಪಣಿ.

'ಜೇನು ಸಾಕಣೆ: ಓದಿಲ್ಲ. ವಾಪಸ್ ಕೊಟ್ಟಾಗ ಲೈಬ್ರರಿ ಮೇಡಂ ನಕ್ಕರು.'

'ಗಡಿಯಾರ ರಿಪೇರಿ: ಇದನ್ನೂ ಓದಿಲ್ಲ. ಅವರ ಕಿವಿಯ ಹಸಿರು ಓಲೆ ನೋಡುತ್ತಾ ನಿಂತುಬಿಟ್ಟೆ.'

ಅಷ್ಟರಲ್ಲಿ ಅವನೇ ಒಳಕೋಣೆಯಿಂದ ಎದ್ದುಬಿದ್ದು ಓಡಿ ಬಂದ. ಎಲ್ಲರಿಗೂ ಸೇರಿದ ಪುಟಗಳ ಜೊತೆ ಸದಸ್ಯರ ಸ್ವಂತ ಪಟ್ಟಿಯ ಪುಟವನ್ನೂ ಕ್ಯಾಶಿಗೆ ಸೇರಿಸಿಬಿಟ್ಟಿದ್ದನಂತೆ. ಪರೀಕ್ಷಿಸಲು ಮೊದಲು ತೆರೆದದ್ದು ತನ್ನ ಪಟ್ಟಿಯನ್ನೇ. ಸರ್ವರ್ ಅದನ್ನೇ ಹಿಡಿದಿಟ್ಟುಕೊಂಡು ಊರಿಗೆಲ್ಲ ಹಂಚುತ್ತಿತ್ತು.

"ಈಗಲೇ ಅಳಿಸ್ತೀನಿ ಮೇಡಂ. ನೀವು ಓದಿಲ್ಲ ತಾನೇ?"

"ಗಡಿಯಾರದ ತನಕ ಬಂದಿದ್ದೀನಿ."

ಅವನ ಕಿವಿ ಕೆಂಪಾಯಿತು. ಮೌಸ್ ಹಿಡಿದ, ಒತ್ತಲಿಲ್ಲ.

"ಬರೆದಿದ್ದೆಲ್ಲ ನಿಜ" ಎಂದ, ತಲೆ ಎತ್ತದೆ. "ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ."

ಅವಳಿಗೆ ಖುಷಿ ತಡೆಯಲಾಗಲಿಲ್ಲ. ಅವನ ಕೈಮೇಲೆ ಕೈಯಿಟ್ಟಳು.

"ಊರಿಗೆಲ್ಲ ಕಾಣೋದನ್ನ ಅಳಿಸಿ. ನಿಮ್ಮ ಪಟ್ಟಿ ಹಾಗೇ ಇರ್ಲಿ. ಉಳಿದದ್ದನ್ನ ಸಂಜೆ ನೀವೇ ನನಗೆ ಓದಿ ಹೇಳಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಇಬ್ಬರೂ ಸೇರಿ ಗುಂಡಿ ಒತ್ತಿದರು.

ಮರುಗಳಿಗೆಯಲ್ಲೇ ಅಕ್ಕ ಮತ್ತೆ ಫೋನ್ ಮಾಡಿ ಗೊಣಗಿದಳು, "ಕೊನೇ ಸಾಲು ಓದೋಷ್ಟರಲ್ಲಿ ಮಾಯ ಆಯ್ತಲ್ಲೇ."

"ಅದು ನನಗೆ ಮಾತ್ರ, ಅಕ್ಕಾ" ಎಂದು ಅವಳು ಫೋನ್ ಇಟ್ಟಳು.