ದನಿ ನಿಂತ ಹತ್ತು ದಿನ

"ನಿಮ್ಮ ಗಂಟಲಲ್ಲಿ ಏನೋ ಇದೆ. ಡಾಕ್ಟರಿಗೆ ತೋರಿಸಿ."

ಮುಖ ನೋಡಿರದ ಮನುಷ್ಯನೊಬ್ಬ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ಅವಳು ಆಗಷ್ಟೇ ಹೆಡ್‌ಫೋನ್ ಕಳಚಿದ್ದಳು. ಎದುರಿಗೆ ಮೈಕು, ಅದರ ಕೆಳಗೆ ತೆರೆದಿಟ್ಟ ಪುಸ್ತಕ, ನಾಲ್ಕೂ ಗೋಡೆಗೆ ಬೂದು ಬಣ್ಣದ ಸ್ಪಂಜು. ಹೊರಗಿನ ಸದ್ದು ಒಳಬಾರದ ಆ ಪುಟ್ಟ ಕೋಣೆಯಲ್ಲಿ ಅವನ ಮಾತು ಬಿದ್ದಲ್ಲೇ ಉಳಿದುಬಿಟ್ಟಿತು.

ಅವನ ಕೈಯಲ್ಲಿ ಬಿಳಿ ಕೋಲಿತ್ತು. ಇವನೇ 'ಕಿವಿ ಸರ್' ಎಂದು ಅವಳಿಗೆ ಆಗ ಹೊಳೆಯಿತು.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡುವ ಗ್ರಂಥಾಲಯ ಅದು. ಅವಳು ಅಲ್ಲಿ ಎರಡು ವರ್ಷದಿಂದ ಓದುಗಾರ್ತಿ. ಅವಳು ಓದಿದ್ದನ್ನೆಲ್ಲ ಮನೆಯಲ್ಲೇ ಕೂತು ಕೇಳಿ, ತಪ್ಪು ಹುಡುಕಿ ಕಳಿಸುವುದು ಅವನ ಕೆಲಸ, ಅದಕ್ಕೇ ಆ ಅಡ್ಡಹೆಸರು. ಅವನ ತಿದ್ದುಪಡಿಗಳು ಅಚ್ಚಾದ ಚೀಟಿಗಳಾಗಿ ಅವಳ ಮೇಜಿಗೆ ಬರುತ್ತಿದ್ದವು. ನಲವತ್ತನೇ ಪುಟದಲ್ಲಿ ಒಂದು ಸಾಲು ಎರಡು ಸಲ ಬಂದಿದೆ, ಎಂಬತ್ತೆರಡರಲ್ಲಿ ಕೆಮ್ಮು ಕೇಳುತ್ತದೆ... ಇಷ್ಟೇ. ಒಂದು ಹೊಗಳಿಕೆಯಿಲ್ಲ, ಒಂದು ಬೈಗುಳವಿಲ್ಲ.

ಎರಡು ವರ್ಷ ಅವಳ ದನಿ ಕೇಳಿದವನು ಮೊದಲ ಬಾರಿಗೆ ಎದುರು ಬಂದು ಹೇಳಿದ್ದು ಈ ಮಾತು!

"ಯಾಕೆ, ಓದು ಸರಿ ಇಲ್ವಾ?" ಅವಳು ಕೇಳಿದಳು.

"ಓದು ಸರಿಯಾಗೇ ಇದೆ. ಆದ್ರೆ ವಾಕ್ಯದ ಕೊನೇಲಿ ಗಾಳಿ ಸೋರುತ್ತೆ. ಮೂರು ತಿಂಗಳಿಂದ ಹೆಚ್ಚಾಗ್ತಾನೇ ಇದೆ. ತಡ ಮಾಡಬೇಡಿ."

ಇಷ್ಟು ಹೇಳಿ ಅವನು ತಿರುಗಿ ಹೊರಟುಹೋದ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬೆಳಗ್ಗೆ ಎದ್ದಾಗ ದನಿ ಹೊರಡಲು ತುಸು ಹೊತ್ತು ಹಿಡಿಯುತ್ತಿತ್ತು. ಸಂಜೆಯಾದರೆ ಗಂಟಲಲ್ಲಿ ಎಂಥದೋ ಅಡ್ಡ ನಿಂತಂತೆ. ಧೂಳು ಎಂದು ಅಮ್ಮನಿಗೆ ಹೇಳಿದ್ದಳು. ತನಗೂ ಅದನ್ನೇ ಹೇಳಿಕೊಂಡಿದ್ದಳು.

ಅದೇ ಸಂಜೆ ಗ್ರಂಥಾಲಯದ ಮೇಡಂ ಇನ್ನೊಂದು ಸುದ್ದಿ ಕೊಟ್ಟರು. ಅವಳು ಅರ್ಧ ಓದಿದ್ದ ರೈಲ್ವೆ ಎಂಜಿನಿಯರೊಬ್ಬರ ಆತ್ಮಕಥೆಯನ್ನು ಬೇರೆಯವರಿಗೆ ಕೊಡುತ್ತಾರಂತೆ. ಹೊಸ ಓದುಗರನ್ನು ಮುಂದಿನ ವಾರ ಕರೆಸುತ್ತಾರಂತೆ. ಹಾಗೆ ಮಾಡಿ ಎಂದು ಕೇಳಿಕೊಂಡವನು ಕಿವಿ ಸರ್ ಅಂತೆ.

ಓಹೋ... ವಿಷಯ ಇದು. ನನ್ನನ್ನ ಸಾಗಹಾಕೋದಕ್ಕೆ ಗಂಟಲಿನ ನೆಪ.

ಹೆದರಿಕೆಗಿಂತ ಸಿಟ್ಟು ಹಗುರ. ಅವಳು ಸಿಟ್ಟನ್ನೇ ಹಿಡಿದುಕೊಂಡು ಎಂಟು ದಿನ ಕಳೆದಳು. ಒಂಬತ್ತನೆಯ ದಿನ ಮೈಕಿನ ಮುಂದೆ ಕೂತು ಒಂದು ದೆವ್ವದ ಕಥೆ ಓದುತ್ತಿದ್ದಾಗ, ವಾಕ್ಯದ ನಟ್ಟನಡುವೆ ದನಿ ನಿಂತುಹೋಯಿತು. ತುಟಿ ಆಡುತ್ತಿತ್ತು, ಉಸಿರು ಬರುತ್ತಿತ್ತು, ಸದ್ದು ಮಾತ್ರ ಇಲ್ಲ. ಅವಳು ಆ ಸ್ಪಂಜಿನ ಕೋಣೆಯಲ್ಲಿ ಬೆವೆತುಹೋದಳು. ಕಥೆಯ ದೆವ್ವ ಇದರ ಮುಂದೆ ಏನೂ ಅಲ್ಲ.

ಮರುದಿನ ಡಾಕ್ಟರು ಅವಳ ಮೂಗಿನೊಳಗಿಂದ ಸಣ್ಣ ಕ್ಯಾಮೆರಾದ ಕೊಳವೆ ಇಳಿಸಿ, ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು. ಎಡಗಡೆಯದರ ಮೇಲೆ ಒಂದು ಗಂಟು, ಅಕ್ಕಿ ಕಾಳಿನಷ್ಟು.

ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರು. ಆಮೇಲೆ ಹತ್ತು ದಿನ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು. ಗಂಟು ಒಳ್ಳೆಯದೋ ಕೆಟ್ಟದ್ದೋ ರಿಪೋರ್ಟ್ ಬರುವವರೆಗೆ ಹೇಳಲಾಗುವುದಿಲ್ಲ. ದನಿ ಮೊದಲಿನಂತಾಗಬಹುದು, ಆಗದೆಯೂ ಇರಬಹುದು. ಆಪರೇಷನ್‌ಗೆ ಐದು ದಿನ ಇತ್ತು.

ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವಳು. ಸುದ್ದಿ ಕೇಳಿ ಮೆಷಿನ್ನಿನ ಚಕ್ರದ ಮೇಲಿಟ್ಟ ಕೈ ತೆಗೆಯಲಿಲ್ಲ. "ಹಗ್ಗ ನೋಡಿ ಹಾವು ಅಂದ್ಕೋಬೇಡ ಪುಟ್ಟಿ," ಎಂದಳು. ಹೇಳಿದ ಮೇಲೆ ಅವಳೇ ಅಂಗಿಗೆ ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚಿ, ಮತ್ತೆ ತಿರುವುಮುರುವಾಗಿಯೇ ಹೊಲಿದಳು.

ಐದು ದಿನವೂ ಮಗಳು ಗ್ರಂಥಾಲಯಕ್ಕೆ ಹೋದಳು. ಓದಿ ಹೇಳಲು ಅಲ್ಲ. ಪುಸ್ತಕದ ಕಪಾಟುಗಳ ನಡುವೆ ನೆಲದ ಮೇಲೆ ಕೂತು ತನಗಾಗಿ ಓದಲು. ಎಡಗಡೆ ಸಾಲು ಕಥೆ ಕಾದಂಬರಿಗಳದ್ದು, ಬಲಗಡೆ ಸಾಲು ವೈದ್ಯ, ವಿಜ್ಞಾನ, ಚರಿತ್ರೆ, ಪ್ರವಾಸ, ಆತ್ಮಕಥೆಗಳದ್ದು.

ಮೊದಲು ಬಲಗಡೆ ಕೈಹಾಕಿದಳು. ಗಂಟಲಿನ ಬಗ್ಗೆ ವೈದ್ಯರೊಬ್ಬರು ಬರೆದ ದಪ್ಪ ಪುಸ್ತಕ. ಅದರಲ್ಲಿ ನೂರಕ್ಕೆ ಇಷ್ಟು ಜನ ಗುಣವಾಗುತ್ತಾರೆ, ಇಷ್ಟು ಜನಕ್ಕೆ ದನಿ ಒಡೆಯುತ್ತದೆ, ಇಷ್ಟು ಜನಕ್ಕೆ... ಆ ಪುಟವನ್ನು ಅವಳು ಮುಗಿಸಲಿಲ್ಲ. ಎಡಗಡೆ ತಿರುಗಿ ಒಂದು ಕಾದಂಬರಿ ಎಳೆದಳು. ನಾಯಕಿಗೆ ಮೂರನೇ ಅಧ್ಯಾಯದಲ್ಲೇ ಕೆಮ್ಮು ಶುರುವಾಯಿತು. ಅವಳು ಕೊನೆಯ ಪುಟ ತೆಗೆದು ನೋಡಿ, ಪುಸ್ತಕವನ್ನು ಕೆಂಡ ಮುಟ್ಟಿದವಳಂತೆ ಇದ್ದ ಜಾಗಕ್ಕೇ ತುರುಕಿದಳು.

ಮತ್ತೆ ಬಲಕ್ಕೆ. ಹಿಮದ ಬೆಟ್ಟ ಹತ್ತಿದವನ ಅನುಭವ. ಬಂಡೆಗೆ ಅಂಟಿ ನಿಂತಾಗ ಮೊಣಕಾಲು ಹೊಲಿಗೆ ಯಂತ್ರದಂತೆ ನಡುಗಿತು ಎಂದು ಬರೆದುಕೊಂಡಿದ್ದ. ಆ ಮನುಷ್ಯನ ಮೇಲೆ ಅವಳಿಗೆ ಪ್ರೀತಿ ಬಂತು. ಮತ್ತೆ ಎಡಕ್ಕೆ. ಒಂದು ನಗೆಕಥೆ. ಹತ್ತು ನಿಮಿಷ ಎಲ್ಲ ಮರೆತಳು. ನಗು ಬಂದು, ನಗುವಿನ ಬದಲು ಗಂಟಲಿನಿಂದ ಬರೀ ಗಾಳಿ ಬಂದಾಗ ಎಲ್ಲ ನೆನಪಾಯಿತು.

ಬಲಗಡೆಯ ಪುಸ್ತಕಗಳು ನೂರು ಜನರ ಲೆಕ್ಕ ಹೇಳುತ್ತಿದ್ದವು. ಎಡಗಡೆಯವು ಒಬ್ಬಳ ಪಾಡು ಹೇಳುತ್ತಿದ್ದವು. ಆ ನೂರರಲ್ಲಿ ತಾನು ಎಷ್ಟನೆಯವಳು? ಅದನ್ನು ಮಾತ್ರ ಯಾವ ಪುಸ್ತಕವೂ ಹೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಕಪಾಟಿನ ಆಚೆಯಿಂದ ಕೋಲಿನ ಟಕ್ ಟಕ್ ಕೇಳಿತು. ಅವಳು ಉಸಿರು ಬಿಗಿಹಿಡಿದಳು. ಕೋಲು ಹತ್ತಿರ ಬಂತು, ಎರಡು ಹೆಜ್ಜೆ ಆಚೆ ನಿಂತಿತು.

"ಯಾರು?"

ಅವಳು ಉತ್ತರ ಕೊಡಲಿಲ್ಲ. ಬಾಯಿ ತೆರೆದರೆ ಆ ಬರೀ ಗಾಳಿ ಅವನ ಕಿವಿಗೆ ಬೀಳುತ್ತದೆ. ಅವನು ಸ್ವಲ್ಪ ಹೊತ್ತು ಕಾದ. ನಿಧಾನವಾಗಿ ತಿರುಗಿ ಹೋದ.

ಕೋಲಿನ ಸದ್ದು ಕರಗಿದ ಮೇಲೆ ಅವಳಿಗೆ ಅಳು ಉಕ್ಕಿ ಬಂತು. ಎರಡು ವರ್ಷ ನಾನು ಓದಿದ್ದು ಯಾರಿಗೆ? ಸಾವಿರ ಜನ ಕೇಳುತ್ತಾರೆ ಎಂದು ಮೇಡಂ ಹೇಳುತ್ತಿದ್ದರು. ಆದರೆ ಮೈಕಿನ ಮುಂದೆ ಕೂತಾಗ ಕಣ್ಣ ಮುಂದೆ ಬರುತ್ತಿದ್ದದ್ದು ಒಬ್ಬನೇ. ಮುಖವಿಲ್ಲದ, ಚೀಟಿ ಬರೆಯುವ ಒಬ್ಬ. ಅವನ ಎಲ್ಲ ಚೀಟಿಗಳೂ ಅವಳ ಮನೆಯ ಬೀರುವಿನಲ್ಲಿ ಸೀರೆಗಳ ಕೆಳಗಿದ್ದವು. ತಪ್ಪುಗಳ ಪಟ್ಟಿಯನ್ನು ಯಾರಾದರೂ ಹೀಗೆ ಬಚ್ಚಿಡುತ್ತಾರೆಯೇ?

ಹೊಸ ಹೆದರಿಕೆ ಅಲ್ಲಿಂದ ಹುಟ್ಟಿತು. ಅವನು ನನ್ನ ಮುಖ ನೋಡಿಲ್ಲ. ನೋಡುವುದೂ ಇಲ್ಲ. ಅವನ ಪಾಲಿಗೆ ನಾನೆಂದರೆ ಈ ದನಿ. ಇದೇ ಹೋದರೆ ಅವನಿಗೆ ನಾನು ಏನೂ ಅಲ್ಲ.

ಆಪರೇಷನ್ ಮುಗಿಯಿತು. ಎಚ್ಚರವಾದಾಗ ಅಮ್ಮನ ಮುಖ ಕಂಡಿತು. ಅಮ್ಮಾ ಎನ್ನಲು ಹೋದಳು, ಅಮ್ಮ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

ಅವಳು ಮನೆಗೆ ಬಂದಳು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ನೀರು ಬೇಕು, ಕಿಟಕಿ ಹಾಕು, ರಿಪೋರ್ಟ್ ಬಂತಾ. ಮೂರನೆಯದನ್ನು ದಿನಕ್ಕೆ ಹತ್ತು ಸಲ ಬರೆಯುತ್ತಿದ್ದಳು. ಏಳನೇ ದಿನ ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಉಗುಳು ನುಂಗಿದರೂ ಭಯ. ಕನಸಿನಲ್ಲಿ ಮಾತಾಡಿಬಿಟ್ಟೆನೇನೋ ಎಂಬ ಭಯ.

ಆರನೆಯ ದಿನ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಮ್ಮ ತೆರೆದಳು. ಬಿಳಿ ಕೋಲು ಹಿಡಿದು ಅವನು ನಿಂತಿದ್ದ. ಮೇಡಂ ಹೇಳಿದ ಬೀದಿಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಹುಡುಕಿಕೊಂಡು ಬಂದೆ ಎಂದ. ಎರಡು ಮನೆ ತಪ್ಪಿ ಮೂರನೆಯದಕ್ಕೆ ಸರಿಹೋಯಿತಂತೆ.

ಅವಳಿಗೆ ಎದ್ದು ಒಳಗೆ ಓಡಬೇಕೆನಿಸಿತು. ನೋಟ್‌ಬುಕ್ಕು ಹಿಡಿದು ಕೂತಲ್ಲೇ ಕೂತಳು.

ಅಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮಗಳು ಎದುರಿಗೇ ಇದ್ದಾಳೆ, ಮಾತಾಡುವಂತಿಲ್ಲ, ಬರೆದು ತೋರಿಸುತ್ತಾಳೆ ಎಂದಳು. ಹೇಳಿದ ಮೇಲೆ ಇಕ್ಕಟ್ಟು ಅವಳಿಗೇ ಅರ್ಥವಾಯಿತು. ಮಾತಾಡಬಾರದವಳು ಒಬ್ಬಳು, ಬರೆದದ್ದು ಕಾಣದವನು ಇನ್ನೊಬ್ಬ.

"ಆಯ್ತಪ್ಪ, ನಾನೇ ಓದ್ತೀನಿ," ಎಂದು ಅಮ್ಮ ಕನ್ನಡಕ ಏರಿಸಿ ನಡುವೆ ಕೂತಳು.

ಮಗಳು ಗೀಚಿ ಕೊಟ್ಟಳು. ಅಮ್ಮ ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದಿದಳು. "ಹೊಸಬರನ್ನ ಯಾಕೆ ಕರೆಸಿದ್ರಿ?"

ಅವನು ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡ. ಗಂಟಲಿಗೆ ವಿಶ್ರಾಂತಿ ಸಿಗಲಿ ಎಂದು ಅವಳ ಉದ್ದದ ಪುಸ್ತಕವನ್ನು ಬೇರೆಯವರಿಗೆ ಕೊಡಿಸಿದ್ದಾಗಿ ಹೇಳಿದ. ಅವಳ ಜಾಗವನ್ನು ಯಾರಿಗೂ ಕೊಡಬಾರದೆಂದು ಅದೇ ದಿನ ಮೇಡಂ ಹತ್ತಿರ ಮಾತು ತೆಗೆದುಕೊಂಡಿದ್ದನಂತೆ. ಅರ್ಧ ಸುದ್ದಿ ಮಾತ್ರ ಅವಳಿಗೆ ತಲುಪಿತ್ತು.

ಅವಳು ಮತ್ತೆ ಬರೆದಳು. ಹಾಗಿದ್ದರೆ ಅಷ್ಟು ಒರಟಾಗಿ ಯಾಕೆ ಹೇಳಿದಿರಿ?

ಅವನು ಕುರ್ಚಿಯ ತುದಿಗೆ ಸರಿದು ಕೂತ.

"ನನಗೆ ಹತ್ತೊಂಬತ್ತಾಗಿತ್ತು. ಕಣ್ಣು ಮಬ್ಬಾಗ್ತಿರೋದು ಮನೇಲಿ ಎಲ್ರಿಗೂ ಗೊತ್ತಾಗಿತ್ತು. ಹುಡುಗ ಹೆದರ್ತಾನೆ ಅಂತ ಯಾರೂ ಬಾಯಿ ಬಿಡಲಿಲ್ಲ. ಡಾಕ್ಟರ ಹತ್ರ ಹೋಗೋ ಹೊತ್ತಿಗೆ ಆರು ತಿಂಗಳು ತಡ ಆಗಿತ್ತು." ಅವನ ದನಿ ತಗ್ಗಿತು. "ನಿಮ್ಮ ದನೀಲಿ ಆ ಗಾಳಿ ಕೇಳಿದಾಗ ನನಗೆ ಕೈಕಾಲು ತಣ್ಣಗಾಯ್ತು. ನಯವಾಗಿ ಹೇಳೋಕೆ ಮನೇಲಿ ಅಭ್ಯಾಸ ಮಾಡ್ಕೊಂಡು ಬಂದಿದ್ದೆ. ಬಾಗಿಲಿಗೆ ಬಂದಾಗ ಎಲ್ಲ ಮರೆತುಹೋಯ್ತು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕನ್ನಡಕ ಮತ್ತೆ ಹಾಕಿಕೊಂಡಳು.

ಮಗಳು ಬಹಳ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತಳು. ಆಮೇಲೆ ಸರಸರನೆ ಬರೆದಳು. ಬರೆದು, ಕೊಡದೆ, ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. ಅಮ್ಮ ಮೆಲ್ಲಗೆ ಬಿಡಿಸಿಕೊಂಡಳು. ಓದುತ್ತಾ ಓದುತ್ತಾ ಅವಳ ದನಿಯೇ ಸಣ್ಣದಾಯಿತು.

"ನಿಮಗೆ ನಾನು ಅಂದರೆ ದನಿ ಮಾತ್ರ. ಅದು ಹೋದರೆ ನೀವು ನನ್ನ... ನನ್ನ ಹತ್ತಿರ ಬರುವುದಿಲ್ಲವಲ್ಲ, ಗಂಟಿಗಿಂತ ಹೆಚ್ಚಾಗಿ ಅದಕ್ಕೇ ಹೆದರಿದೆ." ಅಮ್ಮ ಕನ್ನಡಕದ ಮೇಲಿಂದ ಮಗಳನ್ನು ನೋಡಿದಳು. "ಅಲ್ವೇ, ಇದನ್ನ ತಾಯಿ ಬಾಯಲ್ಲಿ ಓದಿಸ್ತೀಯಲ್ಲ... ನಾನು ಒಲೆ ಮೇಲೆ ಏನೋ ಇಟ್ಟಿದ್ದೀನಿ."

ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಅಮ್ಮ ಎದ್ದು ಹೋದಳು.

ಕೋಣೆಯಲ್ಲಿ ಇಬ್ಬರೇ. ಅವಳಿಗೆ ತನ್ನ ಎದೆಬಡಿತ ಅವನಿಗೆ ಕೇಳುತ್ತದೆಯೇನೋ ಎಂದು ಅಂಜಿಕೆಯಾಯಿತು.

"ಚೆನ್ನಾಗಿರೋ ದನಿ ನಮ್ಮಲ್ಲಿ ಇನ್ನೂ ಆರು ಇವೆ," ಅವನು ಹೇಳಿದ. "ನಿಮ್ಮದಕ್ಕಿಂತ ಒಳ್ಳೇವೂ ಇವೆ. ಹೋದ ವರ್ಷ ನೀವು ಜೇನುಹುಳಗಳ ಪುಸ್ತಕ ಓದಿದ್ರಿ. ಅದರಲ್ಲಿ ಮುದಿ ರಾಣಿಜೇನನ್ನ ಗೂಡಿನವೇ ಸುತ್ತುವರಿದು ಸಾಯಿಸ್ತವೆ. ಎರಡೇ ವಾಕ್ಯ, ಒಣ ವಿಜ್ಞಾನ. ಅದನ್ನ ಓದಿ ನೀವು ಸುಮ್ಮನಾಗಿಬಿಟ್ರಿ. ನಾಲ್ಕು ಸೆಕೆಂಡು. ನಿಯಮದ ಪ್ರಕಾರ ಅದನ್ನ ಕತ್ತರಿಸಿ ಅಂತ ನಾನು ಚೀಟಿ ಬರೀಬೇಕಿತ್ತು. ಬರೀಲಿಲ್ಲ. ಅದನ್ನೇ ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ."

ಅವಳು ಪೆನ್ಸಿಲ್ಲನ್ನು ಕೆಳಗಿಟ್ಟಳು.

"ಆ ನಾಲ್ಕು ಸೆಕೆಂಡಲ್ಲಿ ದನಿ ಎಲ್ಲಿತ್ತು ಹೇಳಿ? ಕಪಾಟಿನ ಹಿಂದೆ ಉಸಿರು ಹಿಡ್ಕೊಂಡು ಕೂತಿದ್ರಲ್ಲ, ಅವತ್ತೂ ಯಾರು ಅಂತ ಕೇಳೋ ಹೊತ್ತಿಗೇ ನೀವೇ ಅಂತ ಗೊತ್ತಾಯ್ತು. ಮಾತಾಡೋ ಇಷ್ಟ ಇಲ್ಲವೇನೋ ಅಂತ ಹೊರಟುಹೋದೆ. ಆಮೇಲೆ ಒಂದು ರಾತ್ರೀನೂ ನಿದ್ದೆ ಬಂದಿಲ್ಲ."

ಅವಳು ಎದ್ದು ಹೋಗಿ, ಕೋಲಿನ ಮೇಲಿದ್ದ ಅವನ ಕೈಮೇಲೆ ತನ್ನ ಕೈ ಇಟ್ಟಳು. ಅದು ಅವಳದಕ್ಕಿಂತ ತಣ್ಣಗಿತ್ತು.

ಮರುದಿನ ಅವನು ಬೆಳಗ್ಗೆಯೇ ಬಂದು ಕೂತ. ಮೂವರೂ ಫೋನಿನ ಸುತ್ತ ಕೂತರು. ಅಮ್ಮನ ಮೆಷಿನ್ ಅಂದು ಓಡಲಿಲ್ಲ. ಹನ್ನೊಂದೂವರೆಗೆ ಫೋನ್ ಬಡಿದುಕೊಂಡಾಗ ಅಮ್ಮನಿಗೆ ಎತ್ತಲಾಗಲಿಲ್ಲ, ಮಗಳು ಎತ್ತುವಂತಿರಲಿಲ್ಲ. ಅವನೇ ಕೈಯಾಡಿಸಿ ಹುಡುಕಿ ಎತ್ತಿದ. ಕೇಳಿದ. ಒಂದು ಸಲ ಹೂಂ ಎಂದ, ಇನ್ನೊಂದು ಸಲ ಹೂಂ ಎಂದ. ಆ ಎರಡು ಹೂಂಗಳ ನಡುವೆ ಅವಳ ಜೀವ ಬಾಯಿಗೆ ಬಂದಿತ್ತು.

"ಕೆಟ್ಟದ್ದಲ್ಲವಂತೆ," ಎಂದ. ಮುಖ ಮುಚ್ಚಿಕೊಂಡು ಅತ್ತ.

ಇನ್ನುಳಿದದ್ದು ದನಿ.

ಹತ್ತನೆಯ ದಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಗಾಯ ಮಾಗಿದೆ ಎಂದರು. ಇವತ್ತು ಹತ್ತು ಮಾತಿನ ಮೇಲೆ ಆಡಬೇಡಿ, ಈಗ ಏನಾದರೂ ಹೇಳಿ ನೋಡೋಣ ಎಂದರು. ಅವಳು ತಲೆ ಅಲ್ಲಾಡಿಸಿ ಬಾಗಿಲ ಕಡೆ ಬೆರಳು ತೋರಿಸಿದಳು. ಡಾಕ್ಟರು ನಕ್ಕು, ಹೊರಗೆ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಿದ್ದವನನ್ನು ಕರೆಸಿದರು.

ಅವನು ಬಂದು ನಿಂತ. ಅವಳು ಬಾಯಿ ತೆರೆದಳು, ಮುಚ್ಚಿದಳು. ಒಂದು ಸಲ ಹೊರಟರೆ ಮತ್ತೆ ಒಳಗೆ ಎಳೆದುಕೊಳ್ಳಲಾಗದು. ಕೊನೆಗೆ ಕಣ್ಣು ಮುಚ್ಚಿಕೊಂಡಳು.

"ಇದ್ದೀರಾ?"

ಮರಳಿನ ಮೇಲೆ ಮರದ ಪೆಟ್ಟಿಗೆ ಎಳೆದಂಥ ದನಿ. ಯಾರದೋ ದನಿ. ಅವಳ ಕಣ್ಣಲ್ಲಿ ನೀರು ತುಂಬಿತು.

"ಇದ್ದೀನಿ," ಎಂದ ಅವನು.

"ಹೇಗಿದೆ? ಸುಳ್ಳು ಬೇಡ."

ಅವನು ತಲೆ ಓರೆ ಮಾಡಿ, ಕೆಲಸದಲ್ಲಿ ಕೇಳುವಂತೆ ಕೇಳಿಸಿಕೊಂಡ. "ಒರಟಾಗಿದೆ. ಮೊದಲಿನದಲ್ಲ. ನನಗೂ ಹೊಸದು, ನಿಮಗೂ ಹೊಸದು. ಅಭ್ಯಾಸ ಆಗಬೇಕು."

"ಎಷ್ಟು ದಿನ?"

"ನನಗಂತೂ ಒಂದು ಜನ್ಮ ಬೇಕಾಗುತ್ತೆ. ಅಷ್ಟು ದಿನ ಜೊತೇಲಿ ಇರ್ತೀರಾ?"

ಡಾಕ್ಟರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು.

"ಇರ್ತೀನಿ," ಎಂದಳು ಅವಳು. ಆ ಒಂದು ಮಾತಿನ ನಡುವೆ ದನಿ ಒಡೆದು, ಮತ್ತೆ ಕೂಡಿಕೊಂಡಿತು.

ಅವನು ಕೈ ಚಾಚಿದ. "ಇನ್ನು ಸುಮ್ಮನಿರಿ. ಮನೆಗೆ ಹೋಗೋಣ."