ಒಣಗದ ಕೈಗವಸು

ಲಂಡನ್ನಿನಿಂದ ಬಂದ ಲಯನೆಲ್ ಹಾರ್ಕಮ್ ಸಾಹೇಬನ ನಗೆಗೆ ಊರೇ ಮರುಳಾಗಿತ್ತು. ಅವನ ಮನೆಯ ಬಟ್ಟೆ ಒಗೆಯುತ್ತಿದ್ದ ನನಗೆ ಮಾತ್ರ ಆ ನಗೆ ಕಂಡರೆ ವಾಕರಿಕೆ. ಮೊದಲ ಹೆಂಡತಿ ಕೆರೆಯಲ್ಲಿ ದೋಣಿ ಮಗುಚಿ ಸತ್ತು ವರ್ಷವಾಗಿರಲಿಲ್ಲ. ಅವಳ ಬಿಳಿ ಕೈಗವಸುಗಳನ್ನೇ ಹೊಸ ಹೆಂಡತಿ ಹೆಸ್ಟರಮ್ಮನಿಗೆ ಉಡುಗೊರೆ ಕೊಟ್ಟಿದ್ದ, ಜಿಪುಣ.

ಅವನ್ನು ಒಗೆದು, ಮರದ ಕೈಯಚ್ಚಿಗೆ ತೊಡಿಸಿ ಒಲೆಯ ಮುಂದಿಟ್ಟೆ. ಮೂರು ದಿನವಾದರೂ ಒಣಗಲಿಲ್ಲ. ಎಷ್ಟು ಸೋಪು ಹಚ್ಚಿದರೂ ಪಾಚಿಯ ವಾಸನೆ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಹೆಸ್ಟರಮ್ಮನನ್ನು ದೋಣಿ ವಿಹಾರಕ್ಕೆ ಹೊರಡಿಸಿದ.

“ಹೋಗ್ಬೇಡಿ ಅಮ್ಮಾವ್ರೇ, ಗವಸು ಇನ್ನೂ ಒದ್ದೆ,” ಎಂದೆ.

“ಒಂದ್ ಜೊತೆ ಗವಸು ಒಣಗ್ಸಕ್ಕೂ ಬರಲ್ವೇನೇ ದಡ್ಡಿ?” ಅವನು ನಗುತ್ತ ತಾನೇ ಅವನ್ನು ಹೆಂಡತಿಯ ಕೈಗೆ ಏರಿಸಿದ. “ನಾನಿದೀನಲ್ಲ ಮುದ್ದು, ಚಳಿ ಯಾಕೆ?”

ಸಂಜೆ ಹೆಸ್ಟರಮ್ಮ ಒಬ್ಬರೇ ನಡೆದು ಬಂದರು. ಮೈಯಿಂದ ನೀರು ಸುರಿಯುತ್ತಿತ್ತು.

“ಅವರು ನನ್ನ ತಳ್ಳಿದ್ರು ಕಣೇ. ಈ ಕೈ ಅವರ ಕತ್ತು ಹಿಡ್ಕೊಳ್ತು. ನಾನೇ ಬಿಡ್ಸಕ್ಕೆ ನೋಡ್ದೆ, ಬಿಡ್ಲಿಲ್ಲ. ಅವರು ಮೇಲೆ ಬರ್ಲೇ ಇಲ್ಲ.”

ನಾನು ಅವರ ಗವಸು ಕಳಚಿದೆ. ಅವರ ತಲೆಗೂದಲು, ಪಾದ ಮುಟ್ಟುವ ಉದ್ದನೆಯ ಕೋಟು, ಎಲ್ಲವೂ ತೊಯ್ದಿತ್ತು. ಗವಸುಗಳು ಮಾತ್ರ ಗರಿಗರಿಯಾಗಿ ಒಣಗಿ, ಬೆಚ್ಚಗಿದ್ದವು.